ಎದುರು ಪಂಕ್ತಿಯ ಕಣ್ಣು

ಮದುವೆ ಮನೆಯ ಊಟದ ಹಾಲ್. ಎಲೆಗೆ ಕೋಸಂಬರಿ, ಪಲ್ಯ, ಚಿತ್ರಾನ್ನ ಬಿದ್ದಾಗಿದೆ, ಬಡಿಸುವವರು ಹೋಳಿಗೆ ತಟ್ಟೆ ಹಿಡಿದು ಬರುತ್ತಿದ್ದಾರೆ. ಐವತ್ತರ ಆಸುಪಾಸಿನ ಗಂಡಸೊಬ್ಬರ ಎಲೆಯ ಮುಂದೆ ಅವರು ಬಾಗುವಷ್ಟರಲ್ಲಿ ಎದುರು ಪಂಕ್ತಿಯಿಂದ ಹೆಂಡತಿಯ ದನಿ ಬರುತ್ತದೆ: "ಅವರಿಗೆ ಹಾಕ್ಬೇಡಿ, ಶುಗರ್ ಇದೆ." ಅಕ್ಕಪಕ್ಕದ ತಲೆಗಳು ತಿರುಗುತ್ತವೆ. ಒಂದು ಕ್ಷಣ ತಡೆದು ಆತ ಹೇಳುತ್ತಾರೆ: "ಎರಡು ಹಾಕಪ್ಪ. ತುಪ್ಪಾನೂ ಹಾಕು."

ಇಂಥದ್ದನ್ನು ನೋಡದವರು ನಮ್ಮಲ್ಲಿ ಕಡಿಮೆ. ನೋಡಿದವರು ಗಂಡನ ಹಠವನ್ನೋ ಹೆಂಡತಿಯ ಬಾಯನ್ನೋ ದೂರಿ ಎದ್ದು ಹೋಗುತ್ತಾರೆ. ಆದರೆ ಆ ಎರಡನೇ ಹೋಳಿಗೆ ಎಲೆಗೆ ಬಿದ್ದದ್ದರ ಹಿಂದೆ ಮೂತ್ರಪಿಂಡದ ಶರೀರಶಾಸ್ತ್ರವಿದೆ, ಮನಸ್ಸಿನ ಶಾಸ್ತ್ರವಿದೆ, ವರ್ಷಗಟ್ಟಲೆ ಒಂದೇ ಸೂರಿನಡಿ ಬದುಕಿದ ಇಬ್ಬರ ಲೆಕ್ಕಾಚಾರವಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಬಹುಪಾಲು ಸಂಸಾರಸ್ಥರು. ಚಿಕಿತ್ಸೆಯನ್ನು ಬರೆದುಕೊಡುವವರು ಡಾಕ್ಟರಾದರೂ ಅದು ನಡೆಯುವುದು, ನಿಲ್ಲುವುದು ಅಡುಗೆಮನೆಯಲ್ಲಿ, ಊಟದ ತಟ್ಟೆಯ ಮುಂದೆ.

ಮೊದಲಿಗೆ "ನನಗೇನೂ ಆಗಿಲ್ಲ, ಚೆನ್ನಾಗೇ ಇದೀನಲ್ಲ" ಎಂಬ ಮಾತನ್ನು ನೋಡೋಣ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಅತಿ ಹೆಚ್ಚು ಕೇಳಿಬರುವ, ಅತಿ ಹೆಚ್ಚು ಜಗಳ ಹುಟ್ಟಿಸುವ ಮಾತು ಇದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ರಕ್ತದ ಸಕ್ಕರೆ ಬೆಳಗಿನ ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ ಎನ್ನುತ್ತೇವೆ. ಆದರೆ ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಸುಮಾರು 180 ದಾಟಿದ ಮೇಲಷ್ಟೇ ಆ ಶಕ್ತಿ ಸಾಲದೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಕೆರೆ ತುಂಬಿ ಕೋಡಿ ಬಿದ್ದಾಗಲೇ ಊರಿನವರಿಗೆ ಗೊತ್ತಾಗುವ ಹಾಗೆ, ಪದೇಪದೇ ಮೂತ್ರ, ತೀರದ ಬಾಯಾರಿಕೆ, ತೂಕ ಇಳಿಯುವುದು ಎಲ್ಲ ಆಮೇಲೆ. 126ಕ್ಕೂ 180ಕ್ಕೂ ನಡುವೆ, ಎಷ್ಟೋ ಸಲ ಅದರ ಮೇಲೂ, ವರ್ಷಗಳ ಕಾಲ ದೇಹ ಏನೂ ಹೇಳುವುದಿಲ್ಲ. ಕಣ್ಣಿನ ಹಿಂದಿನ ಪರದೆಯ ಸೂಕ್ಷ್ಮ ರಕ್ತನಾಳಗಳು, ಮೂತ್ರಪಿಂಡದ ಸೋಸುಕಗಳು, ಪಾದದ ನರಗಳು ಆ ಹೊತ್ತಿನಲ್ಲೇ ನೋವಿಲ್ಲದೆ ಹಾಳಾಗುತ್ತಿರುತ್ತವೆ.

ಇದಕ್ಕಿಂತ ಗೊಂದಲದ ಇನ್ನೊಂದು ಸಂಗತಿಯನ್ನು ಸಂಗಾತಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಬಹುಕಾಲ 250, 300ರಲ್ಲಿ ಇದ್ದ ದೇಹ ಅದನ್ನೇ ಸಹಜವೆಂದು ಒಪ್ಪಿಕೊಂಡಿರುತ್ತದೆ. ಮಾತ್ರೆ ಶುರುವಾಗಿ ಸಕ್ಕರೆ 120ರ ಕಡೆಗೆ ಇಳಿದಾಗ, ಅದು ಆರೋಗ್ಯದ ಮಟ್ಟವೇ ಆಗಿದ್ದರೂ, ಕೈ ನಡುಗಬಹುದು, ಬೆವರಬಹುದು, ತಲೆ ಹಗುರಾಗಬಹುದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಮೊದಲ ವಾರಗಳಲ್ಲಿ ಹೊಟ್ಟೆ ಕೆಡುತ್ತದೆ. ಅಂದರೆ ಆ ವ್ಯಕ್ತಿಯ ಅನುಭವದಲ್ಲಿ ಕಾಯಿಲೆ ಇದ್ದಾಗ ಎಲ್ಲ ಸರಿಯಿತ್ತು, ಔಷಧಿ ಶುರುವಾದ ಮೇಲೆ ಎಲ್ಲ ಕೆಟ್ಟಿತು. "ಆ ಮಾತ್ರೆ ನನಗಾಗಲ್ಲ" ಎಂದು ಆತ ಡಬ್ಬಿಯನ್ನು ಅಲಮಾರಿಗೆ ಸರಿಸಿದರೆ ಅದು ತರ್ಕವಿಲ್ಲದ ಮಾತೇನಲ್ಲ. ಆಗಬೇಕಾದ ಕೆಲಸ ಬೇರೆಯೇ ಇದೆ: ಡಾಕ್ಟರಿಗೆ ಹೇಳಿ ಪ್ರಮಾಣವನ್ನು ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸುವುದು, ಊಟದ ಜೊತೆಗೆ ತೆಗೆದುಕೊಳ್ಳುವುದು, ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಾಯಿಸುವುದು. ನಡುಕ ಕೆಲವು ವಾರಗಳಲ್ಲಿ ಹೋಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಡಬ್ಬಿಗಳು ಅಲಮಾರಿ ಸೇರುತ್ತಿರಲಿಲ್ಲ.

ಆ ನಿಶ್ಶಬ್ದ ವರ್ಷಗಳ ಬೆಲೆ ಎಷ್ಟು ಎಂಬುದಕ್ಕೆ ಒಂದು ದೊಡ್ಡ ಸಾಕ್ಷ್ಯವಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ರಾಬರ್ಟ್ ಟರ್ನರ್ ಮತ್ತು ಸಂಗಡಿಗರು ಆರಂಭಿಸಿದ ಯುಕೆಪಿಡಿಎಸ್ ಅಧ್ಯಯನ, ಆಗಷ್ಟೇ ಟೈಪ್ 2 ಮಧುಮೇಹ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡದಂಥ ಸೂಕ್ಷ್ಮ ರಕ್ತನಾಳಗಳ ತೊಂದರೆ ಕಾಲುಭಾಗದಷ್ಟು ಕಡಿಮೆಯಾಯಿತು ಎಂದು 1998ರಲ್ಲಿ ಅದು ವರದಿ ಮಾಡಿತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಹೆಚ್ಚುಕಡಿಮೆ ಒಂದೇ ಆಯಿತು. ಆದರೂ 2008ರಲ್ಲಿ, ಅಂದರೆ ಹತ್ತು ವರ್ಷದ ನಂತರ ನೋಡಿದಾಗ, ಮೊದಲು ಬಿಗಿಯಾಗಿದ್ದವರಿಗೆ ಸಿಕ್ಕ ಲಾಭ ಉಳಿದೇ ಇತ್ತು. ಹೃದಯಾಘಾತವೂ ಅವರಲ್ಲಿ ಕಡಿಮೆಯಿತ್ತು. ಮೊದಲ ವರ್ಷಗಳ ಎಚ್ಚರವನ್ನು ದೇಹ ನೆನಪಿಟ್ಟುಕೊಂಡಿರುತ್ತದೆ. ಆದರೆ ಏನೂ ಅನ್ನಿಸದ ವರ್ಷಗಳೂ ಅವೇ, ಮನೆಯಲ್ಲಿ ಜಗಳ ಜೋರಾಗಿರುವ ವರ್ಷಗಳೂ ಅವೇ. ಹೆಂಡತಿಯ ಅವಸರ ನ್ಯಾಯವಾದದ್ದು. ಗಂಡನ ನಿರಾತಂಕಕ್ಕೂ ಕಾರಣವಿದೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

"ಏನೂ ಆಗಿಲ್ಲ" ಎಂಬುದರ ಅಡಿಯಲ್ಲಿ ಬೇರೆ ಮಾತುಗಳೂ ಇರುತ್ತವೆ. ಅಪ್ಪನ ಕಾಲನ್ನು ಮೊಣಕಾಲಿನವರೆಗೆ ತೆಗೆದದ್ದನ್ನು ಕಂಡವನಿಗೆ ಗ್ಲುಕೋಮೀಟರ್ ಬರೀ ಯಂತ್ರವಾಗಿ ಕಾಣುವುದಿಲ್ಲ. "ಇನ್ಸುಲಿನ್ ಶುರುವಾಯ್ತು ಅಂದ್ರೆ ಕೊನೆ ಹಂತ" ಎಂದು ನಂಬಿದವರು ಆ ದಿನವನ್ನು ದೂಡಲು ಪರೀಕ್ಷೆಯನ್ನೇ ದೂಡುತ್ತಾರೆ. ನಿಜವೇನೆಂದರೆ, ಟೈಪ್ 2 ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ ಎಂದು ಅದೇ ಬ್ರಿಟಿಷ್ ಅಧ್ಯಯನ ಅಂದಾಜಿಸಿತು. ಮುಂದೊಂದು ದಿನ ಹೊರಗಿನ ಇನ್ಸುಲಿನ್ ಬೇಕಾದರೆ ಅದು ಪಥ್ಯ ತಪ್ಪಿದ್ದಕ್ಕೆ ಕೊಟ್ಟ ಶಿಕ್ಷೆಯಲ್ಲ, ಬಹುಪಾಲು ಕಾಯಿಲೆಯ ಸ್ವಭಾವ.

ಗಂಡಸರು ಬಾಯಿಬಿಡದ ಇನ್ನೊಂದು ಕಾರಣವನ್ನು ಕನ್ನಡದ ಆರೋಗ್ಯ ಬರಹಗಳೂ ಬದಿಗೊತ್ತಿ ಹೋಗಿಬಿಡುತ್ತವೆ. ಮಧುಮೇಹವಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿಮಿರುವಿಕೆಯ ತೊಂದರೆ ಇರುತ್ತದೆ. ಸಕ್ಕರೆ ನರ ಮತ್ತು ರಕ್ತನಾಳಗಳನ್ನು ಕೆಡಿಸಿದ್ದರ ಫಲ ಅದು. ಆದರೆ ಎಷ್ಟೋ ಜನ ಅದನ್ನು ಮಾತ್ರೆಯ ತಲೆಗೆ ಕಟ್ಟಿ ಮಾತ್ರೆ ಬಿಡುತ್ತಾರೆ. ಹಾಸಿಗೆಯಲ್ಲಿ ದೂರ ಸರಿದ ಗಂಡನನ್ನು ಹೆಂಡತಿ ಬೇರೆಯೇ ರೀತಿ ಅರ್ಥ ಮಾಡಿಕೊಳ್ಳುತ್ತಾಳೆ. ಇಬ್ಬರೂ ಮೌನವಾಗಿರುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ಡಾಕ್ಟರ ಮುಂದೆ ಹೇಳಲೇಬೇಕಾದ ಲಕ್ಷಣ ಇದು. ಎಷ್ಟೋ ಸಲ ಹೃದಯದ ರಕ್ತನಾಳಗಳ ತೊಂದರೆಗೂ ಇದೇ ಮುನ್ಸೂಚನೆ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಪೊಲೊನ್ಸ್ಕಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಒಳಮನಸ್ಸಿಗೇ ಮೀಸಲಿಟ್ಟವರು. ದಿನವೂ ಬೆರಳು ಚುಚ್ಚುವುದು, ಎಣಿಸುವುದು, ಎಷ್ಟು ಮಾಡಿದರೂ ಅಂಕಿ ಏರುವುದು, ಇದರಿಂದ ಬರುವ ಬೇಸತ್ತ ಸ್ಥಿತಿಯನ್ನು ಅಳೆಯುವ ಪ್ರಶ್ನಾವಳಿಯನ್ನು ಅವರು ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದರು. ಖಿನ್ನತೆ ಬೇರೆ, ಈ ಮಧುಮೇಹದ ಬಳಲಿಕೆ ಬೇರೆ. ಆದರೆ ಖಿನ್ನತೆಯೂ ಮಧುಮೇಹಿಗಳಲ್ಲಿ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ನಿದ್ದೆ, ಹಸಿವು, ಆಸಕ್ತಿ ಎಲ್ಲ ಕುಸಿದ ಸಂಗಾತಿಯನ್ನು "ಸೋಮಾರಿ" ಎಂದು ಬೈಯುವ ಮೊದಲು ಆ ಕಡೆಗೊಮ್ಮೆ ನೋಡಬೇಕು. ಖಿನ್ನತೆಗೆ ಔಷಧಿ, ಆಪ್ತಸಮಾಲೋಚನೆ ಸಿಕ್ಕರೆ ಸಕ್ಕರೆಯ ಕಡೆ ಗಮನ ಕೊಡುವ ತ್ರಾಣ ತಾನಾಗಿ ಮರಳಬಹುದು.

ಇನ್ನು ಎದುರು ಪಂಕ್ತಿಯ ದನಿಗೆ ಬರೋಣ. ಮನೋವಿಜ್ಞಾನಿ ಜೇಮ್ಸ್ ಕೋಯ್ನ್ ಮತ್ತು ಸಂಗಡಿಗರು 1988ರಲ್ಲಿ, ಒಳ್ಳೆಯದಕ್ಕೇ ಹೊರಟ ಸಹಾಯ ಹೇಗೆ ದಾರಿ ತಪ್ಪುತ್ತದೆ ಎಂದು ವಿವರಿಸಿದರು. ಸಹಾಯ ಮಾಡುವವರು ಫಲಿತಾಂಶವನ್ನು ತಮ್ಮ ಗೆಲುವು ಸೋಲಾಗಿ ಕಾಣತೊಡಗುತ್ತಾರೆ. ಫಲ ಕಾಣದಿದ್ದಾಗ ಒತ್ತಡ ಹೆಚ್ಚಿಸುತ್ತಾರೆ. ರೋಗಿ ತನ್ನ ಬದುಕಿನ ಮೇಲಿನ ಹಿಡಿತ ಉಳಿಸಿಕೊಳ್ಳಲು ಉಲ್ಟಾ ಹೊಡೆಯುತ್ತಾನೆ. ಕೊನೆಗೆ ಜಗಳದಲ್ಲಿ ಕಾಯಿಲೆಯ ಮಾತೇ ಇರುವುದಿಲ್ಲ. ಟೈಪ್ 2 ಮಧುಮೇಹಿಗಳನ್ನೂ ಅವರ ಸಂಗಾತಿಗಳನ್ನೂ ದಿನದಿನವೂ ಹಿಂಬಾಲಿಸಿ ಮೇರಿ ಆನ್ ಪ್ಯಾರಿಸ್ ಸ್ಟೀಫನ್ಸ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸಂಗಾತಿಯ ಒತ್ತಡ ಹೆಚ್ಚಿದಂತೆ ಪಥ್ಯ ಸಡಿಲವಾಗುವುದು ಕಂಡಿತು. ಒತ್ತಾಯ ಮಾಡುವವರು ಪ್ರೀತಿಯಿಂದಲೇ ಮಾಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಲವತ್ತು ದಾಟಿದ ಮನುಷ್ಯನ ತಟ್ಟೆಯನ್ನು ನಾಲ್ಕು ಜನರ ಮುಂದೆ ಕಾಯುವುದು ಕೆಲಸಕ್ಕೆ ಬರುವ ಉಪಾಯವಲ್ಲ.

ಹಾಗಾದರೆ ಸುಮ್ಮನಿರಬೇಕೆ? ಖಂಡಿತ ಬೇಡ. ಕೇಳುವ ರೀತಿ ಬದಲಾಗಬೇಕು. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಒಂದು ಸಂಭಾಷಣಾ ಕ್ರಮವನ್ನು ಮುಂದಿಟ್ಟರು. ಈಗ ಮಧುಮೇಹದ ಕ್ಲಿನಿಕ್‌ಗಳಲ್ಲೂ ಅದನ್ನು ಬಳಸುತ್ತಾರೆ. ಬದಲಾವಣೆಯ ಪರ ವಾದವನ್ನು ನಾವು ಮಾಡಿದರೆ ಎದುರಿನವರ ಪಾಲಿಗೆ ಉಳಿಯುವುದು ವಿರೋಧದ ವಾದ ಮಾತ್ರ. ಅವರ ಬಾಯಿಂದಲೇ ಪರ ವಾದ ಬರುವ ಹಾಗೆ ಕೇಳಬೇಕು. ಮನೆಮಾತಿನಲ್ಲಿ ಅದು ಹೀಗಿರುತ್ತದೆ. "ಇವತ್ತು ಎಷ್ಟು ಬಂತು?" ಎಂದರೆ ಪರೀಕ್ಷೆಯ ಅಂಕ ಕೇಳಿದ ಹಾಗೆ. "ಈ ಕಾಯಿಲೆಯಲ್ಲಿ ನಿಮಗೆ ಅತಿ ಕಿರಿಕಿರಿ ಅನ್ಸೋದು ಯಾವುದು?" ಎಂದು ಕೇಳಿದರೆ ಬಾಗಿಲು ತೆರೆಯಬಹುದು. ಉತ್ತರ "ಬೆರಳು ಚುಚ್ಚೋದು" ಎಂದಾದರೆ, ಬೆರಳ ತುದಿಯ ಮಧ್ಯಕ್ಕೆ ಚುಚ್ಚದೆ ಅಂಚಿಗೆ ಚುಚ್ಚಿದರೆ ನೋವು ಕಡಿಮೆ, ಸೂಜಿ ಹೊಸದಾಗಿರಬೇಕು ಎಂಬ ಸಣ್ಣ ಮಾಹಿತಿ ಆ ಹೊತ್ತಿನಲ್ಲಿ ಉಪದೇಶಕ್ಕಿಂತ ದೊಡ್ಡದು. ಉತ್ತರ "ಎಲ್ಲರ ಮುಂದೆ ನೀನು ಹೇಳೋದು" ಎಂದಾದರೆ, ಅದನ್ನು ಒಪ್ಪಿಕೊಂಡು ಅಂದಿನಿಂದಲೇ ನಿಲ್ಲಿಸುವುದು. "ನಾನೇನು ಮಾಡಿದ್ರೆ ನಿಮಗೆ ಅನುಕೂಲ, ಏನು ಮಾಡಬಾರದು?" ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ಪಾಲಿಸುವ ಮನಸ್ಸಿದ್ದರೆ ಮಾತ್ರ ಕೇಳಬೇಕು.

ಮಾತಿಗಿಂತ ಹೆಚ್ಚು ಕೆಲಸ ಮಾಡುವುದು ಮನೆಯ ಊಟ. ಒಬ್ಬರಿಗೆ ಪಥ್ಯ, ಉಳಿದವರಿಗೆ ಹಬ್ಬ ಎಂದು ಎರಡು ಒಲೆ ಹೂಡಿದ ಮನೆಯಲ್ಲಿ ಪಥ್ಯ ಹೆಚ್ಚು ದಿನ ನಿಲ್ಲುವುದಿಲ್ಲ. ಎಲ್ಲರಿಗೂ ಒಂದೇ ಅಡುಗೆ ಆಗಬೇಕು, ಆ ಅಡುಗೆ ಬದಲಾಗಬೇಕು. ಇಲ್ಲಿ ನಮ್ಮ ನಂಬಿಕೆಗಳನ್ನು ಸ್ವಲ್ಪ ತೂಗಿ ನೋಡುವುದು ಒಳ್ಳೆಯದು. "ಮುದ್ದೆ ಎಷ್ಟಾದರೂ ತಿನ್ನಬಹುದು" ಎಂಬುದು ಹಳೇ ಮೈಸೂರು ಕಡೆಯ ಮನೆಮನೆಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟ, ನಾರು 3 ಗ್ರಾಂಗೂ ಕಡಿಮೆ. ರಾಗಿ ಮೇಲು, ನಿಜ. ಆದರೆ ಎರಡು ದೊಡ್ಡ ಮುದ್ದೆಯ ಪಿಷ್ಟ ರಕ್ತಕ್ಕೆ ಸಕ್ಕರೆಯಾಗಿಯೇ ಸೇರುತ್ತದೆ. ಬಿಸಿ ಬಿಸಿ ಹುರುಳಿ ಸಾರು, ಸೊಪ್ಪಿನ ಬಸ್ಸಾರು ಹೆಚ್ಚಿಸಿ ಮುದ್ದೆಯನ್ನು ಸಣ್ಣದು ಮಾಡಿದರೆ ಊಟದ ಗುಣವೇ ಬದಲಾಗುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದ ಪಾಯಸದಿಂದ ರಕ್ತದ ಸಕ್ಕರೆಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ತಿನ್ನುವ ಕ್ರಮಕ್ಕೂ ಬೆಲೆಯಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ 11 ಮಧುಮೇಹಿಗಳು ಒಂದೇ ಊಟವನ್ನು ಎರಡು ಕ್ರಮದಲ್ಲಿ ತಿಂದರು. ತರಕಾರಿ ಮತ್ತು ಪ್ರೊಟೀನ್ ಮೊದಲು, ಬ್ರೆಡ್ಡು ಕೊನೆಗೆ ತಿಂದ ದಿನ, ಒಂದು ಗಂಟೆಯ ನಂತರದ ಸಕ್ಕರೆ ಶೇಕಡಾ 37ರಷ್ಟು ಕಡಿಮೆಯಿತ್ತು. ನಮ್ಮ ಬಾಳೆಲೆಗೆ ಮೊದಲು ಬೀಳುವ ಪದಾರ್ಥಗಳಲ್ಲಿ ಕೋಸಂಬರಿ, ಪಲ್ಯ ಇದ್ದೇ ಇರುತ್ತವೆ. ಹೆಸರುಬೇಳೆ, ಸೌತೆಕಾಯಿಯ ಆ ಕೋಸಂಬರಿ ಚಮಚದಷ್ಟರ ಬದಲು ಬಟ್ಟಲಿನಷ್ಟಾಗಿ, ಅನ್ನ ಬರುವ ಮೊದಲೇ ಖಾಲಿಯಾದರೆ ಸಾಕು. ಊಟವಾದ ಮೇಲೆ ನಡಿಗೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ದಿನದಲ್ಲಿ ಯಾವಾಗಲೋ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದವರಲ್ಲಿ ಊಟದ ನಂತರದ ಸಕ್ಕರೆ ಶೇಕಡಾ 12ರಷ್ಟು ಕಡಿಮೆಯಿತ್ತು. ರಾತ್ರಿ ಊಟದ ನಂತರ ಶೇಕಡಾ 22ರಷ್ಟು. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. "ವಾಕಿಂಗ್ ಹೋಗಿ" ಎಂದು ಕಳಿಸುವುದಕ್ಕೂ ಚಪ್ಪಲಿ ಮೆಟ್ಟಿ "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಎನ್ನುವುದಕ್ಕೂ ಎಷ್ಟು ಅಂತರ ಎಂಬುದನ್ನು ಯಾವ ದಂಪತಿಗೂ ವಿವರಿಸಬೇಕಾಗಿಲ್ಲ.

ಗ್ಲುಕೋಮೀಟರನ್ನೂ ನ್ಯಾಯಾಧೀಶನ ಕುರ್ಚಿಯಿಂದ ಇಳಿಸಬಹುದು. ಪೊಲೊನ್ಸ್ಕಿಯವರು ಜೋಡಿ ಪರೀಕ್ಷೆಯನ್ನು ಬಹಳ ಒತ್ತಿ ಹೇಳುತ್ತಾರೆ. ಒಂದು ಭಾನುವಾರ ನಾಲ್ಕು ಇಡ್ಲಿ, ಚಟ್ನಿ. ತಿನ್ನುವ ಮುಂಚೆ 132, ಎರಡು ಗಂಟೆ ಬಿಟ್ಟು 236 ಬಂತೆನ್ನಿ. ಮುಂದಿನ ಭಾನುವಾರ ಎರಡು ಇಡ್ಲಿ, ಒಂದು ಬಟ್ಟಲು ಹೆಚ್ಚು ತರಕಾರಿಯ ಸಾಂಬಾರು, ಹತ್ತು ನಿಮಿಷದ ನಡಿಗೆ. 128ರಿಂದ 174. ಉದಾಹರಣೆಗೆ ಹೇಳಿದ ಅಂಕಿಗಳಿವು, ಒಬ್ಬೊಬ್ಬರ ದೇಹ ಒಂದೊಂದು ಥರ. ಆದರೆ ಆ ಎರಡನೇ ಅಂಕಿಯನ್ನು ತನ್ನ ಬೆರಳಿನಿಂದ ತಾನೇ ಕಂಡವರಿಗೆ ಏನೋ ಒಂದು ಗೊತ್ತಾಗುತ್ತದೆ: ನಾನು ಮಾಡಿದ್ದು ಕೆಲಸ ಮಾಡುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ ಇರುವುದರಿಂದ. ಅಷ್ಟು ದಿನ ಕಾಯುವ ತಾಳ್ಮೆ ಇಲ್ಲದವರಿಗೆ ಈ ಎರಡು ಗಂಟೆಯ ಫಲಿತಾಂಶ ಬೇಕು.

ಇಷ್ಟೂ ಹೊತ್ತು ಗಂಡನ ಕಾಯಿಲೆ, ಹೆಂಡತಿಯ ಆರೈಕೆ ಎಂದೇ ಬರೆಯುತ್ತಾ ಬಂದೆ. ನಮ್ಮ ಮನೆಗಳಲ್ಲಿ ಆರೈಕೆ ಹರಿಯುವ ದಿಕ್ಕು ಅದೇ. ಶುಗರ್ ಇರುವುದು ಹೆಂಡತಿಗೆ ಎಂದಾದಾಗ ಚಿತ್ರ ಬೇರೆ. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಉಣ್ಣುವವಳು, ಉಳಿದ ಅನ್ನ ಚೆಲ್ಲಬಾರದೆಂದು ತಾನೇ ತಿನ್ನುವವಳು, ತನ್ನ ಮಾತ್ರೆ ಮುಗಿದದ್ದನ್ನು ಮುಂದಿನ ಸಂಬಳದವರೆಗೆ ಹೇಳದವಳು. ಅವಳದ್ದು ಉದಾಸೀನ ಎಂದು ಕರೆಯುವುದು ಅನ್ಯಾಯ. ಅವಳಿಗೆ ಬೇಕಾದದ್ದು ಹೊತ್ತು. ಅಂಥ ಮನೆಯಲ್ಲಿ ಗಂಡ ಮಾಡಬಹುದಾದ ಅತ್ಯುತ್ತಮ ಚಿಕಿತ್ಸೆ ಎಂದರೆ ಬೆಳಗಿನ ತಿಂಡಿಯ ಜವಾಬ್ದಾರಿ ಹೊತ್ತು ಅವಳಿಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದು, ಮಾತ್ರೆ ಮುಗಿಯುವ ವಾರ ಮೊದಲೇ ತಂದಿಡುವುದು. ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಅಸಾಂಕ್ರಾಮಿಕ ರೋಗಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಪರೀಕ್ಷೆಯೂ ಮೂಲ ಔಷಧಿಗಳೂ ಉಚಿತ. ಅಲ್ಲಿಗೆ ಅವಳೊಬ್ಬಳನ್ನೇ ಕಳಿಸದೆ ಜೊತೆಗೆ ಹೋಗಿ ಕೂರುವುದು.

ಸಂಗಾತಿಯ ಮರ್ಜಿಗೆ ಬಿಡಬಾರದ ಕೆಲವು ಸಂಗತಿಗಳೂ ಇವೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿಯೆಂದೋ ಸೋಮವಾರವೆಂದೋ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ತೊದಲು, ಅಕಾರಣ ಸಿಟ್ಟು ಅದರ ಗುರುತು. ಪ್ರಜ್ಞೆಯಿದ್ದರೆ ಮೂರು ಚಮಚ ಗ್ಲುಕೋಸ್ ಪುಡಿ ಕರಗಿಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು. ವೋಗ್ಲಿಬೋಸ್ ಬೆರೆತ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆ ಸಕ್ಕರೆ ಬೇಗ ರಕ್ತಕ್ಕೆ ಸೇರದು, ಅದಕ್ಕೇ ಗ್ಲುಕೋಸ್ ಮನೆಯಲ್ಲಿರಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ವ್ರತ ಬಿಡಿಸಲು ಹೊರಡುವುದಕ್ಕಿಂತ ವ್ರತದ ದಿನದ ಔಷಧಿ ಪ್ರಮಾಣವನ್ನು ಮೊದಲೇ ಡಾಕ್ಟರ ಬಳಿ ಕೇಳಿಟ್ಟುಕೊಳ್ಳುವುದು ಜಾಣತನ. ಪಾದದ ಹುಣ್ಣು, ವಾಂತಿ ಜೊತೆಗಿನ ಮಂಪರು, ಎದೆನೋವಿಲ್ಲದೆ ಬರುವ ಉಸಿರುಕಟ್ಟು, ಇವುಗಳಲ್ಲಿ "ನಾಳೆ ನೋಡೋಣ" ಎಂಬುದನ್ನು ಕೇಳಬೇಡಿ, ಕರೆದುಕೊಂಡು ಹೋಗಿ. ಹೃದಯಾಘಾತ ಮಧುಮೇಹಿಗಳಲ್ಲಿ ನೋವಿಲ್ಲದೆಯೂ ಆಗುತ್ತದೆ. ಹಾಗೆಯೇ, ಹೇಳದೆ ಸಾರಿಗೆ ಮಾತ್ರೆ ಪುಡಿ ಬೆರೆಸುವ ಕೆಲಸ ಎಂದಿಗೂ ಬೇಡ. ಪ್ರಮಾಣ ತಪ್ಪಿದರೆ ಜೀವಕ್ಕೆ ಅಪಾಯ, ಗೊತ್ತಾದ ದಿನ ನಂಬಿಕೆ ಹೋಯಿತು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವರು ಬದಲಾಗುವುದಿಲ್ಲ. ಆಗ ಆ ಅಂಕಿಯ ಹೊಣೆ ನಿಮ್ಮದಲ್ಲ. ಡಾಕ್ಟರ ಕೋಣೆಯಲ್ಲಿ "ಇವರು ಮಾತೇ ಕೇಳಲ್ಲ" ಎಂದು ಅಳುವ ಹೆಂಗಸರಿಗೆ ಇದನ್ನು ಯಾರಾದರೂ ಸಮಾಧಾನವಾಗಿ ಹೇಳಬೇಕಾಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಒಂದು ಅಂಕಿ ಮಾತ್ರ ಖಂಡಿತ ನಿಮ್ಮದು. ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕಾಬೇರಿ ದಾಸ್‌ಗುಪ್ತಾ ಅವರ ತಂಡ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2014ರಲ್ಲಿ ತೋರಿಸಿದಂತೆ, ಸಂಗಾತಿಗೆ ಮಧುಮೇಹವಿದ್ದರೆ ನಿಮಗೆ ಅದು ಬರುವ ಸಂಭವ ಶೇಕಡಾ 26ರಷ್ಟು ಹೆಚ್ಚು. ದಂಪತಿಗಳು ರಕ್ತಸಂಬಂಧಿಗಳಲ್ಲದಿದ್ದರೂ ಉಣ್ಣುವ ಅನ್ನ, ಕೂರುವ ಹೊತ್ತು, ನಡೆಯದ ದಾರಿ ಎಲ್ಲ ಒಂದೇ. ಇಷ್ಟು ದಿನ ಇನ್ನೊಬ್ಬರ ತಟ್ಟೆ ನೋಡುತ್ತಿದ್ದವರಲ್ಲಿ ಎಷ್ಟೋ ಜನ ತಮ್ಮ ರಕ್ತವನ್ನು ಒಮ್ಮೆಯೂ ಪರೀಕ್ಷಿಸಿರುವುದಿಲ್ಲ. ಮುಂದಿನ ಸಲ ಲ್ಯಾಬಿಗೆ ಹೋಗುವಾಗ ನೀವೂ ರಾತ್ರಿ ಊಟದ ನಂತರ ಏನೂ ತಿನ್ನದೆ, ಬೆಳಿಗ್ಗೆ ಕಾಫಿ ಕುಡಿಯದೆ ಜೊತೆಗೆ ಹೊರಡಿ. ನಿಮ್ಮ ತೋಳನ್ನೂ ಚಾಚಿ, ಬರಿಹೊಟ್ಟೆಯ ಸಕ್ಕರೆಯ ಜೊತೆಗೆ ಎಚ್‌ಬಿಎ1ಸಿಯನ್ನೂ ಬರೆಸಿ. ವರದಿ ಬಂದಾಗ ಮೊದಲು ನಿಮ್ಮದನ್ನು ಅವರ ಕೈಗೆ ಕೊಟ್ಟು ಓದಲು ಹೇಳಿ.